ಕೋದಂಡ ಮಾವ ಕಲ್ಲನ್ನು ಕೆಳಗಿನಿಂದ ಓದಿದ್ದು

ನಮ್ಮ ಬೀದಿಯ ಹುಡುಗರಿಗೆ ಚರಿತ್ರೆ ಬಂದದ್ದು ಕರೆಂಟ್ ಹೋದಾಗ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಬೀದಿ. ಒಂದೊಂದು ಮನೆಯಲ್ಲೂ ಎರಡೋ ನಾಲ್ಕೋ ಪವರ್‌ಲೂಮ್. ಬೆಳಗ್ಗೆ ಹಿಡಿದ ಸದ್ದು ಊಟದ ಹೊತ್ತಿಗೂ ನಿಲ್ಲುತ್ತಿರಲಿಲ್ಲ. ಆದರೆ ನಾನು ಮೂರನೇ ಕ್ಲಾಸಿನಲ್ಲಿದ್ದ ೧೯೮೭ರಿಂದಾಚೆಗೆ ಭಾನುವಾರ ಬಂತೆಂದರೆ ಸಂಜೆಯವರೆಗೂ ಕರೆಂಟ್ ಇರುತ್ತಿರಲಿಲ್ಲ. ಮಗ್ಗ ನಿಂತರೆ ಗಂಡಸರು ಚಾಪೆ ಹುಡುಕುತ್ತಿದ್ದರು, ಹೆಂಗಸರು ವಾರದ ಬಟ್ಟೆ ನೆನೆಹಾಕುತ್ತಿದ್ದರು, ಮಕ್ಕಳು ಇಬ್ಬರಿಗೂ ಅಡ್ಡ ಬರುತ್ತಿದ್ದರು. ಆ ಅಡ್ಡ ಬರುವವರನ್ನೆಲ್ಲ ಒಟ್ಟುಗೂಡಿಸಿ ಕೋಟೆ, ಗುಡಿ, ಹಳೇ ಕಲ್ಲು ತೋರಿಸಿಕೊಂಡು ಬರುವ ಕೆಲಸವನ್ನು ಯಾರೂ ಹೇಳದೆ ಮೈಮೇಲೆ ಹಾಕಿಕೊಂಡವರು ನನ್ನ ಸೋದರಮಾವ ಕೋದಂಡರಾಮಯ್ಯ. ನಮ್ಮ ಪಕ್ಕದ ಮನೆಯಲ್ಲೇ ಇದ್ದರು, ನಾಲ್ಕು ಮಗ್ಗ ಮತ್ತು ಹೆಂಡತಿ ಭಾಗ್ಯಮ್ಮನ ಜೊತೆ.

ಮಾವ ಓದಿದ್ದು ಎಸ್ಸೆಸ್ಸೆಲ್ಸಿ. ಪಾಸಾದಿರಾ ಎಂದು ಯಾರಾದರೂ ಕೇಳಿದರೆ, ಓದಿದೆ ಎನ್ನುತ್ತಿದ್ದರು. ಆದರೆ ಯಾವ ಕಲ್ಲಿನ ಮುಂದೆ ನಿಲ್ಲಿಸಿದರೂ ಅವರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ಕೇಳಿದವರಿರಲಿಲ್ಲ. ದೇವನಹಳ್ಳಿ ಕೋಟೆಯ ಗೋಡೆ ಎಷ್ಟು ಎತ್ತರ ಎಂದು ಕೇಳಿದರೆ ತಲೆಯೆತ್ತಿ ನೋಡಿ, ಒಂದೂವರೆ ಸೀರೆ ಎನ್ನುತ್ತಿದ್ದರು. ಮಾಕಳಿದುರ್ಗದ ಬೆಟ್ಟ ಹತ್ತುವ ದಾರಿ ಮುನ್ನೂರು ಸೀರೆ. ಅವರ ಲೋಕದಲ್ಲಿ ಮೀಟರು, ಅಡಿ ಇವೆಲ್ಲ ಸೀರೆ ನೇಯಲು ಬಾರದವರು ಮಾಡಿಕೊಂಡ ಏರ್ಪಾಡು. ನಾನು ಹೈಸ್ಕೂಲಿಗೆ ಹೋದ ಮೇಲೂ ಎಷ್ಟೋ ದಿನ ದೂರವನ್ನು ಮನಸ್ಸಿನಲ್ಲೇ ಸೀರೆಗೆ ತಿರುಗಿಸಿಕೊಂಡು ಆಮೇಲೆ ಉತ್ತರ ಬರೆಯುತ್ತಿದ್ದೆ.

ಮಕ್ಕಳು ತಪ್ಪಿಸಿಕೊಳ್ಳದಂತೆ ನಡೆಸಲು ಅವರದೇ ಒಂದು ಉಪಾಯವಿತ್ತು. ಮಗ್ಗದಲ್ಲಿ ಉಳಿದ ವೇಸ್ಟ್ ನೂಲನ್ನೆಲ್ಲ ಹೊಸೆದು ಉದ್ದನೆಯ ಹಗ್ಗ ಮಾಡಿದ್ದರು. ಅದಕ್ಕೆ ಎರಡು ಮೊಳಕ್ಕೊಂದರಂತೆ ಬಣ್ಣದ ಎಳೆ ಸುತ್ತಿದ್ದರು. ಒಂದು ಬಣ್ಣಕ್ಕೆ ಒಂದು ಮಗು. ರೈಲಿಳಿದ ಕೂಡಲೇ ನಮ್ಮ ನಮ್ಮ ಬಣ್ಣ ಹಿಡಿದುಕೊಂಡು ಸಾಲಾಗಿ ನಡೆಯಬೇಕು. ಮಾವ ಮುಂದೆ, ಬುತ್ತಿಯ ಚೀಲ ಹೊತ್ತ ಭಾಗ್ಯತ್ತೆ ಹಿಂದೆ. ನನ್ನದು ಕಡುಗೆಂಪು. ನೇರಳೆ ಬಣ್ಣಕ್ಕೆ ಯಾವಾಗಲೂ ಜಗಳ, ಯಾಕೆಂದರೆ ನೇರಳೆಯವರು ಚಿತ್ರಾನ್ನದ ಪಾತ್ರೆಗೆ ಹತ್ತಿರ ಇರುತ್ತಿದ್ದರು. ದಾರಿಯಲ್ಲಿ ನಮ್ಮನ್ನು ನೋಡಿದ ಹಳ್ಳಿಯವರು ಇಷ್ಟು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಿದ್ದರು. ಚರಿತ್ರೆಗೆ, ಎಂದು ಮಾವ ಗಂಭೀರವಾಗಿ ಉತ್ತರ ಕೊಡುತ್ತಿದ್ದರು.

ಇನ್ನೊಂದು ವಿಷಯವನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಮೆತ್ತಗೆ ಮಾತಾಡುವುದು ಬರುವುದಿಲ್ಲ. ಉಪ್ಪು ಬೇಕು ಎಂದರೂ ನಾಲ್ಕು ಮಗ್ಗದ ಸದ್ದಿಗಿಂತ ಜೋರಾಗಿ ಹೇಳಿ ಅಭ್ಯಾಸ. ಮಾವ ಬೆಟ್ಟದ ತುದಿಯಲ್ಲಿ ನಿಂತು ನಂದಿಯ ವಿಗ್ರಹದ ಬಗ್ಗೆ ಹೇಳಿದರೆ ಕೆಳಗೆ ಸ್ಟೇಷನ್ನಿನಲ್ಲಿ ಕೂತವರಿಗೂ ಪಾಠವಾಗುತ್ತಿತ್ತು. ಹೆಂಡತಿಗೆ ಮಾತ್ರ ತಿಳಿಯಲಿ ಎಂದು ಅವರು ಪಿಸುಗುಟ್ಟಿದ ಗುಟ್ಟುಗಳು ಬೀದಿಯ ಕೊನೆಯ ಮನೆಯಲ್ಲೂ ಚರ್ಚೆಯಾಗಿವೆ. ತಾನು ಪಿಸುಗುಟ್ಟಿದೆ ಎಂದೇ ಅವರು ಕೊನೆಯವರೆಗೂ ನಂಬಿದ್ದರು.

ಮಾಕಳಿದುರ್ಗದ ದಾರಿಯಲ್ಲಿ, ಒಂದು ರಾಗಿ ಹೊಲದ ಬದುವಿನಲ್ಲಿ, ಹುಣಸೇಮರದ ಕೆಳಗೆ ಒಂದು ವೀರಗಲ್ಲಿದೆ. ಆಳೆತ್ತರದ ಕಲ್ಲು. ಅದರಲ್ಲಿ ಒಂದರ ಮೇಲೊಂದು ಮೂರು ಚಿತ್ರ ಕೆತ್ತಿದ್ದಾರೆ. ಕೆಳಗೆ ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಮೇಲೆ ಬೀಳುತ್ತಿರುವ ನಾಲ್ಕಾರು ಜನ, ಹಿಂದೆ ದನಗಳು. ನಡುವೆ ಅದೇ ಮನುಷ್ಯ, ಎಡಕ್ಕೊಬ್ಬಳು ಬಲಕ್ಕೊಬ್ಬಳು ಹೆಣ್ಣು. ಮೇಲೆ ಅವನು ಶಿವಲಿಂಗದ ಮುಂದೆ ಕೈ ಮುಗಿದು ಕೂತಿದ್ದಾನೆ. ನಮ್ಮ ಪ್ರವಾಸದಲ್ಲಿ ಎಲ್ಲರಿಗೂ ಇಷ್ಟವಾದ ಜಾಗ ಅದು, ಯಾಕೆಂದರೆ ಅಲ್ಲಿ ನೆರಳಿತ್ತು ಮತ್ತು ಮಾವನ ಅತ್ಯುತ್ತಮ ಕತೆಯಿತ್ತು.

ಮಾವ ಕಲ್ಲನ್ನು ಪೇಪರ್ ಓದಿದ ಹಾಗೆ ಮೇಲಿನಿಂದ ಕೆಳಕ್ಕೆ ಓದುತ್ತಿದ್ದರು. ಇವನು ಮೊದಲು ಒಳ್ಳೇ ಮನುಷ್ಯ, ಮೂರು ಹೊತ್ತೂ ಶಿವಪೂಜೆ ಮಾಡಿಕೊಂಡಿದ್ದ. ಒಂದು ದಿನ ಇಬ್ಬರು ಹುಡುಗಿಯರು ಬಂದರು. ಪೂಜೆ ಅರ್ಧಕ್ಕೇ ಬಿಟ್ಟು ಅವರ ತೋಳು ಹಿಡಿದು ಹೊರಟ. ಆಮೇಲೇನಾಯಿತು, ಕೆಳಗೆ ನೋಡಿ: ನಾಲ್ಕು ಜನರ ಕೈಲಿ ಒದೆ ತಿಂದು ದನದ ಕಾಲ ಕೆಳಗೆ ಬಿದ್ದ. ಆದ್ದರಿಂದ ಮಕ್ಕಳೇ, ಹಿಡಿದ ಕೆಲಸ ಬಿಟ್ಟು ಅಲೆಯಬಾರದು. ಈ ನೀತಿ ನಮ್ಮ ತಾಯಂದಿರಿಗೆ ಬಹಳ ಹಿಡಿಸಿತ್ತು. ಬೀದಿಯಲ್ಲಿ ಯಾರ ಮಗನಾದರೂ ಮಗ್ಗ ಬಿಟ್ಟು ಸಿನಿಮಾಕ್ಕೆ ಹೋದರೆ, ಆ ಕಲ್ಲಿನವನ ಗತಿಯಾಗುತ್ತೆ ನೋಡು ಎನ್ನುತ್ತಿದ್ದರು. ಎಂಟು ವರ್ಷ ಅದೇ ಕತೆ, ನೂರಾರು ಮಕ್ಕಳಿಗೆ.

೧೯೯೫ರ ಸೆಪ್ಟೆಂಬರಿನ ಮೊದಲ ಭಾನುವಾರ. ನಾನಾಗ ಪಿಯುಸಿ. ಹಗ್ಗ ಹಿಡಿಯುವ ವಯಸ್ಸು ದಾಟಿ, ಅತ್ತೆಯ ಜೊತೆ ಹಿಂದೆ ಬರುವ ಬಡ್ತಿ ಸಿಕ್ಕಿತ್ತು. ಮಾವ ಹದಿನೇಳು ಮಕ್ಕಳಿಗೆ ಕತೆ ಮುಗಿಸಿ, ಇನ್ನು ಮುಂದಿನದು ದೊಡ್ಡವರ ವಿಷಯ ಎಂಬಂತೆ ಬಗ್ಗಿ, ಗುಟ್ಟಿನಲ್ಲಿ ಹೇಳಿದರು:

“ಇವನ ವಂಶದೋರು ಇನ್ನೂ ಇಲ್ಲೇ ಎಲ್ಲೋ ಇದ್ದಾರಂತೆ ಕಣ್ರೋ. ಯಾವ ಮುಖ ಇಟ್ಕೊಂಡು ಇವನಿಗೆ ಎಡೆ ಇಡ್ತಾರೋ ಪಾಪ.”

ಗುಟ್ಟು ರಾಗಿ ಹೊಲ ದಾಟಿ ಹೋಯಿತು. ಹೊಲದ ನಡುವೆ ಕಳೆ ಕೀಳುತ್ತಿದ್ದ ಒಬ್ಬ ಹೆಂಗಸು ಎದ್ದು ನಿಂತರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಕುಡುಗೋಲು ಹಿಡಿದುಕೊಂಡೇ ನಮ್ಮ ಕಡೆ ನಡೆದು ಬಂದರು. ಅರವತ್ತು ದಾಟಿದವರು. ಮುನಿತಾಯಮ್ಮ ಎಂದು ಆಮೇಲೆ ಗೊತ್ತಾಯಿತು. ಭಾನುವಾರ ಸೊಪ್ಪು ಮಾರಲು ಸಂತೆಗೆ ಹೋಗುತ್ತಿದ್ದವರು, ಅವತ್ತು ಬಸ್ಸು ಬಾರದ್ದಕ್ಕೆ ಹೊಲದಲ್ಲಿ ಉಳಿದಿದ್ದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಮಾವನಿಗೆ ಸುಲಭವಾಗುತ್ತಿತ್ತು, ಆ ವಿದ್ಯೆಯಲ್ಲಿ ಮಾವನನ್ನು ಮೀರಿಸುವವರಿಲ್ಲ.

“ಯಾವ ಮುಖ ಅಂದ್ರಲ್ಲ ಸ್ವಾಮಿ, ಇದೇ ಮುಖ. ನೋಡ್ಕಳಿ,” ಎಂದರು.

ಮಾವ ನೋಡಲಿಲ್ಲ. ಹಗ್ಗದ ತುದಿ ನೋಡಿದರು.

ಆಮೇಲೆ ಮುನಿತಾಯಮ್ಮ ಕುಡುಗೋಲಿನ ತುದಿಯಿಂದ ಕಲ್ಲಿನ ಬುಡ ಮುಟ್ಟಿ ತೋರಿಸಿದರು. “ತಳದಿಂದ ನೋಡ್ಬೇಕು. ಊರಿನ ದನ ಬಿಡಿಸ್ಕಳಾಕೆ ಹೋಗಿ ಸತ್ತ. ಸತ್ತೋನ್ನ ದೇವಕನ್ಯೇರು ಎತ್ಕಂಡೋದ್ರು. ಈಗ ಮೇಲೆ ಶಿವನ ಮುಂದೆ ಕುಂತವ್ನೆ. ನಮ್ಮತ್ತೆ ಎಣ್ಣೆ ಹಚ್ಚೋವಾಗ್ಲೂ ತಳದಿಂದ್ಲೇ ಹಚ್ಚೋರು.”

ಉಳಿದದ್ದನ್ನು ಅವರು ಕಲ್ಲಿನ ಪಕ್ಕ ಕೂತು ಹೇಳಿದರು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಅವರ ಮನೆಯವರು ಹಿರಿಯರಿಗೆ ಎಡೆ ಇಡುವಾಗ ಮೊದಲ ಎಡೆ ಈ ಕಲ್ಲಿಗೆ. ಮನೆಯ ಹೆಣ್ಣುಮಗಳು ಹೊತ್ತು ತರಬೇಕು. ಮೊಮ್ಮಗಳು ಶಿಲ್ಪ ಪುಟ್ಟವಳಿದ್ದಾಗಿನಿಂದ ತಾನೇ ತರುತ್ತೇನೆಂದು ಹಟ ಹಿಡಿದು ತರುತ್ತಿದ್ದಳು, ಕಲ್ಲನ್ನು ತಾತ ಎಂದು ಕರೆದು ಮಾತಾಡಿಸುತ್ತಿದ್ದಳು. ಐದನೇ ಕ್ಲಾಸಿಗೆ ದೊಡ್ಡಬಳ್ಳಾಪುರದ ಶಾಲೆ ಸೇರಿದಳು. ಅಲ್ಲಿ ಮಗ್ಗದ ಬೀದಿಯ ಹುಡುಗಿಯರು ಅವಳ ಊರಿನ ಹೆಸರು ಕೇಳಿ ನಕ್ಕರಂತೆ. ಹೆಂಗಸರ ಹಿಂದೆ ಹೋಗಿ ಒದೆ ತಿಂದವನ ಊರಲ್ಲವಾ ಎಂದರಂತೆ. ಅವಳು ಮನೆಗೆ ಬಂದು ಎಡೆಯ ಬುಟ್ಟಿ ಮುಟ್ಟುವುದಿಲ್ಲ ಎಂದಳು. ಎರಡು ವರ್ಷವಾಯಿತು, ಈ ಕಡೆ ತಲೆ ಹಾಕಿಲ್ಲ. ನನ್ನ ಕಾಲ ಮುಗಿಯುತ್ತಾ ಬಂತು, ನನ್ನ ಹಿಂದೆ ಇವನಿಗೆ ಇನ್ಯಾರಿದ್ದಾರೆ ಎಂದರು ಮುನಿತಾಯಮ್ಮ. ಈ ಕತೆ ಹುಟ್ಟಿಸಿದವರು ಯಾರು ಎಂದು ಎರಡು ವರ್ಷದಿಂದ ಹುಡುಕುತ್ತಿದ್ದರಂತೆ. ಹುಟ್ಟಿಸಿದವರು ಹಗ್ಗದ ಸಮೇತ ಮುಂದೆ ನಿಂತಿದ್ದರು.

ಶಾಲೆಯಲ್ಲಿ ಆ ಕತೆಯನ್ನು ಹರಡಿದವರಲ್ಲಿ ನಾನೂ ಒಬ್ಬಳು.

ಮಾವ ಮಾತ್ರ ರೈಲಿನಲ್ಲಿ ದೊಡ್ಡಬಳ್ಳಾಪುರದವರೆಗೂ ವಾದ ಮಾಡಿದರು. ಎದುರು ವಾದಿಸುವವರು ಯಾರೂ ಇರಲಿಲ್ಲ, ಆದರೂ ಮಾಡಿದರು. ಹಳ್ಳಿಯವರಿಗೆ ತಮ್ಮ ಹಿರಿಯರ ಮೇಲೆ ಅಭಿಮಾನ ಇರುತ್ತದೆ, ಆದರೆ ಚರಿತ್ರೆ ಬೇರೆ, ಅಭಿಮಾನ ಬೇರೆ. ಮೇಲಿರುವುದು ಮೊದಲು, ಕೆಳಗಿರುವುದು ಆಮೇಲೆ, ಇದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಭಾಗ್ಯತ್ತೆ ಕಿಟಕಿಯ ಹೊರಗೆ ನೋಡುತ್ತಾ ಉಳಿದ ಚಿತ್ರಾನ್ನ ತಿನ್ನುತ್ತಿದ್ದರು.

ಸಂಜೆ ಕರೆಂಟ್ ಬಂತು. ಮಾವ ಮಗ್ಗ ಹಾಕಿದರು. ನಾನು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಕೊಡಲು ಹೋದಾಗ ಅತ್ತೆ ಬಂದು ಮಗ್ಗದ ಪಕ್ಕ ನಿಂತರು. ಮಗ್ಗದ ಸದ್ದಿನಲ್ಲಿ ಗಂಡ ಹೆಂಡತಿ ಕೈಸನ್ನೆಯಲ್ಲೇ ಮಾತಾಡುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಉಂಟು. ಮಾವ ನೇಯುತ್ತಿದ್ದ ಸೀರೆಯ ಮೇಲೆ ಅತ್ತೆ ಬೆರಳಿಟ್ಟರು. ಮಾವನ ಹೊಟ್ಟೆಯ ಹತ್ತಿರ, ಬಟ್ಟೆ ಸುತ್ತಿಕೊಳ್ಳುವ ಕಡೆ ಇದ್ದ ಬುಟ್ಟಾ ತೋರಿಸಿದರು. ಮೊದಲು ನೇಯ್ದದ್ದು ಅದು. ಬೆರಳನ್ನು ಮೇಲಕ್ಕೆ ತಂದರು. ಆಮೇಲೆ ನೇಯ್ದದ್ದು. ಇನ್ನೂ ಮೇಲೆ, ಲಾಳಿ ಓಡುವ ಜಾಗಕ್ಕೆ. ಈಗ ನೇಯುತ್ತಿರುವುದು. ಕೊನೆಗೆ ಮೂರು ಬೆರಳು ತೋರಿಸಿ ಹುಬ್ಬು ಹಾರಿಸಿದರು, ಕಲ್ಲಿನ ಮೂರು ಚಿತ್ರವೂ ಹೀಗೇ ಅಲ್ಲವಾ ಎಂಬಂತೆ.

ಮೂವತ್ತು ವರ್ಷದಿಂದ ಮಾವ ಕೆಳಗಿನಿಂದ ಮೇಲಕ್ಕೆ ನೇಯುತ್ತಿದ್ದವರು. ಊರಿಗೆಲ್ಲ ತಪ್ಪಬಹುದಿತ್ತು, ಅವರಿಗೆ ತಪ್ಪಬಾರದಿತ್ತು. ಕರೆಂಟ್ ಇದ್ದಾಗ ಅವರು ಕೈಯಾರೆ ಮಗ್ಗ ನಿಲ್ಲಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸದ್ದು ನಿಂತ ಮೇಲೆ, “ಆ ಮಗು ಎರಡು ವರ್ಷದಿಂದ ಹೋಗಿಲ್ಲವಂತೆ ಭಾಗ್ಯ,” ಎಂದರು.

ಮುಂದಿನ ಭಾನುವಾರ ಹೋಗಿ ತಿದ್ದಿ ಹೇಳುವುದೆಂದು ತೀರ್ಮಾನವಾಯಿತು. ಸುದ್ದಿ ಹೇಗೋ ಬೀದಿಗೆ ತಿಳಿಯಿತು; ಮಾವ ಪಿಸುಗುಟ್ಟಿದ್ದರು ಅಂತ ಕಾಣುತ್ತದೆ. ನಮ್ಮ ಬೀದಿಯವರು ದೇವರ ದರ್ಶನಕ್ಕೆ ಕರೆದರೆ ಸೊಂಟ ನೋವು ಎನ್ನುತ್ತಾರೆ, ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರೆ ಎಂದರೆ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಮಕ್ಕಳ ಜೊತೆ ಅಪ್ಪ, ಅಮ್ಮ, ಅಜ್ಜಿ ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ಜನ. ಎಂಟು ವರ್ಷದಲ್ಲಿ ಮಾವನ ಪ್ರವಾಸಕ್ಕೆ ಅಷ್ಟು ಜನ ಬಂದದ್ದೇ ಇಲ್ಲ. ನಮ್ಮಜ್ಜಿ ಪಿಳ್ಳಮ್ಮ, ಎಂದರೆ ಮಾವನ ತಾಯಿ, ಮುಂದೆ ಕೂರಲು ಜಾಗ ಸಿಗಲಿ ಎಂದು ಹಗ್ಗದ ಮೊದಲ ಬಣ್ಣ ಹಿಡಿದುಕೊಂಡು ನಡೆದರು.

ಮಾವ ಮೊದಲೇ ಹೇಳಿಕಳಿಸಿದ್ದರಿಂದ ಮುನಿತಾಯಮ್ಮ ಸಂತೆಗೆ ಹೋಗದೆ ಹುಣಸೇಮರದ ಕೆಳಗೆ ಕಾದಿದ್ದರು. ಅವರ ಹಿಂದೆ, ಕಲ್ಲಿಗೆ ಬೆನ್ನು ಮಾಡಿ, ಹನ್ನೆರಡು ವರ್ಷದ ಹುಡುಗಿ ನಿಂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಅಜ್ಜಿಯ ಬಲವಂತಕ್ಕೆ ಬಂದಿದ್ದಳು ಎನ್ನುವುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಮಾವ ವಾರವಿಡೀ ಭಾಷಣ ತಯಾರು ಮಾಡಿಕೊಂಡಿದ್ದರು. ಗಂಗರ ಕಾಲದಿಂದ ಶುರುಮಾಡುವ ಯೋಚನೆಯಿತ್ತು. ಆ ಹುಡುಗಿಯನ್ನು ನೋಡಿದ ಮೇಲೆ ಗಂಗರು ಮರೆತುಹೋದರು. ನಾನು ಎಂಟು ವರ್ಷ ಈ ಕಲ್ಲನ್ನು ತಲೆಕೆಳಗಾಗಿ ಓದಿದೆ ಎಂದು ಎರಡೇ ಮಾತಿನಲ್ಲಿ ಒಪ್ಪಿಕೊಂಡು, ಬುಡದಿಂದ ಹಿಡಿದು ಮೇಲಿನವರೆಗೆ, ಮುನಿತಾಯಮ್ಮ ಹೇಳಿದ ಹಾಗೆಯೇ ಕತೆ ಹೇಳಿದರು. ಜನಕ್ಕೆ ಸ್ವಲ್ಪ ನಿರಾಸೆಯಾಯಿತು, ಇನ್ನೂ ಹೆಚ್ಚಿನದನ್ನು ನಿರೀಕ್ಷಿಸಿ ಬಂದಿದ್ದರು.

ಆಗ ಶಿಲ್ಪ ತಿರುಗಿ ಕೇಳಿದಳು. “ಮೊದ್ಲು ಹೇಳಿದ್ದು ಸುಳ್ಳು ಅಂತೀರ. ಈಗ ಹೇಳಿದ್ದು ನಿಜ ಅಂತ ನಾನು ಹೆಂಗೆ ನಂಬ್ಲಿ?”

ನಾವೆಲ್ಲ ಮಾವನನ್ನು ನೋಡಿದೆವು. ಅವರಿಗೆ ಉತ್ತರ ಹೊಳೆಯದಿದ್ದರೆ ಒಂದು ಹುಟ್ಟಿಸುತ್ತಾರೆ ಎನ್ನುವುದು ನಮಗೆಲ್ಲ ಗೊತ್ತಿತ್ತು.

“ಗೊತ್ತಿಲ್ಲಮ್ಮ,” ಎಂದರು ಮಾವ. “ಎಂಟು ವರ್ಷ ಯಾರನ್ನೂ ಕೇಳದೆ ಹೇಳ್ಬಿಟ್ಟೆ. ಈ ಸಲ ನಿಮ್ಮಜ್ಜೀನ ಕೇಳಿ ಹೇಳ್ತಿದ್ದೀನಿ. ನಂಗೆ ಗೊತ್ತಿರೋದು ಅಷ್ಟೇ.”

ಪಿಳ್ಳಮ್ಮಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಐವತ್ತು ವರ್ಷದಲ್ಲಿ ಮಗನ ಬಾಯಿಂದ ಆ ಮಾತು ಅವರೂ ಕೇಳಿರಲಿಲ್ಲ.

ಶಿಲ್ಪ ನೆರೆದವರ ಮೇಲೆಲ್ಲ ಕಣ್ಣಾಡಿಸಿದಳು. “ಇಲ್ಲಿರೋರಿಗೆ ಹೇಳಿದ್ರಿ. ಮುಂಚೆ ಕೇಳಿಸ್ಕೊಂಡು ಹೋದೋರಿಗೆ?” ಎಂದಳು. ಉತ್ತರಕ್ಕೆ ಕಾಯದೆ ಹೊಲದ ಬದುವಿನ ಮೇಲೆ ನಡೆದು ಹೋದಳು. ಎಡೆ ತರುತ್ತೀಯಾ ಎಂದು ಅಜ್ಜಿ ಹಿಂದಿನಿಂದ ಕೇಳಿದ್ದಕ್ಕೆ ತಿರುಗಿಯೂ ನೋಡಲಿಲ್ಲ.

ಅಮಾವಾಸ್ಯೆಗೆ ಸರಿಯಾಗಿ ಹದಿನಾಲ್ಕು ದಿನ ಇತ್ತು. ಪಿತೃಪಕ್ಷದಲ್ಲಿ ಯಾರೂ ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ, ಯಾರ ಮನೆಗೂ ಸುಮ್ಮನೆ ಹೋಗುವುದಿಲ್ಲ. ಮಾವ ಆ ಹದಿನಾಲ್ಕು ದಿನದಲ್ಲಿ ಹೋಗದ ಮನೆಯಿಲ್ಲ. ಹಳೆಯ ಹಗ್ಗ ಬಿಚ್ಚಿ ಮುಂದಿಟ್ಟುಕೊಂಡು, ಯಾವ ವರ್ಷ ಯಾವ ಬಣ್ಣ ಯಾರದೆಂದು ನೆನಪು ಮಾಡಿಕೊಂಡು, ಒಬ್ಬೊಬ್ಬರನ್ನೇ ಹುಡುಕಿದರು. ಹಳದಿಯ ಶಶಿಕುಮಾರ್ ಈಗ ಇನ್ನೊಬ್ಬರ ಮಗ್ಗದಲ್ಲಿ ಕೆಲಸಕ್ಕಿದ್ದ. ಎಂಟು ಮಗ್ಗದ ಸದ್ದಿನಲ್ಲಿ ಮಾವ ಹೇಳಿದ್ದಕ್ಕೆಲ್ಲ ಅವನು ತಲೆಯಾಡಿಸಿದ. ಸದ್ದಿನಲ್ಲಿ ತಲೆಯಾಡಿಸುವುದಕ್ಕೆ ಏನೂ ಅರ್ಥವಿಲ್ಲ ಎನ್ನುವುದು ಬಲ್ಲ ಮಾವ, ಕರೆಂಟ್ ಹೋಗುವವರೆಗೂ ಅಲ್ಲೇ ಸ್ಟೂಲಿನ ಮೇಲೆ ಕಾದು ಕೂತು ಮತ್ತೆ ಮೊದಲಿನಿಂದ ಹೇಳಿದರು. ಮಗ್ಗದ ಯಜಮಾನನೂ ಪುಕ್ಕಟೆ ಕೇಳಿಸಿಕೊಂಡ.

ಹಸಿರಿನ ಅರುಣಾಳನ್ನು ನಂದಗುಡಿಗೆ ಕೊಟ್ಟಿದ್ದರು. ಮಾವ ಎರಡು ಬಸ್ಸು ಬದಲಾಯಿಸಿ ಅಲ್ಲಿಗೂ ಹೋದರು. ಪಿತೃಪಕ್ಷದಲ್ಲಿ, ಹೇಳದೆ ಕೇಳದೆ, ತವರಿನ ಬೀದಿಯ ಹಿರಿಯರು ಬಾಗಿಲಲ್ಲಿ ನಿಂತದ್ದು ನೋಡಿ ಅರುಣಾಳ ಅತ್ತೆ ಯಾರೋ ಹೋಗಿಬಿಟ್ಟರು ಎಂದು ಸೊಸೆಯನ್ನು ಹಿಡಿದು ಕೂರಿಸಿದರಂತೆ. ಹೋಗಿದ್ದಾರೆ, ಆದರೆ ಸಾವಿರ ವರ್ಷವಾಯಿತು ಎಂದು ಮಾವ ಸಮಾಧಾನ ಹೇಳಿ, ದನ, ದೇವಕನ್ಯೆ, ಶಿವಲಿಂಗ ಎಲ್ಲವನ್ನೂ ಕ್ರಮವಾಗಿ ವಿವರಿಸಿ, ಕಾಫಿ ಕುಡಿದು ಹೊರಟರಂತೆ. ಇದರ ಹಿಂದೆ ಬೇರೆ ಏನೋ ಇರಬೇಕು ಎಂದು ಆ ಮನೆಯವರು ಮೂರು ತಿಂಗಳು ಅನುಮಾನಪಟ್ಟರು ಎಂದು ಅರುಣಾ ಈಗಲೂ ಹೇಳಿ ನಗುತ್ತಾಳೆ. ನಾನು ನಗುತ್ತೇನೆ, ಆದರೆ ಆ ಹದಿನಾಲ್ಕು ದಿನದಲ್ಲಿ ಮಾವ ಇಳಿದುಹೋದದ್ದನ್ನೂ ನೋಡಿದ್ದೇನೆ. ಮಗ್ಗ ಎಷ್ಟೋ ಹೊತ್ತು ಸುಮ್ಮನೆ ನಿಂತಿರುತ್ತಿತ್ತು. ಸಿಕ್ಕದವರು ಇನ್ನೂ ಇದ್ದಾರೆ ಎಂದು ಮಾವ ಊಟದ ನಡುವೆ ಎದ್ದುಹೋಗುತ್ತಿದ್ದರು. ನಾನೂ ನನ್ನ ಹಳೆಯ ಶಾಲೆಗೆ ಹೋಗಿ ಶಿಲ್ಪ ಓದುತ್ತಿದ್ದ ಏಳನೇ ಕ್ಲಾಸಿನ ಹುಡುಗಿಯರ ಮುಂದೆ ನಿಂತು ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡು ಬಂದೆ. ಅದು ಎಷ್ಟು ಕಷ್ಟದ ಕೆಲಸ ಎಂದು ಆಗ ತಿಳಿಯಿತು.

ಅಮಾವಾಸ್ಯೆಯೂ ಭಾನುವಾರವೇ ಬಂತು. ಮಾವ ಯಾರನ್ನೂ ಕರೆಯಲಿಲ್ಲ, ಆದರೂ ಹತ್ತು ಹನ್ನೆರಡು ಮಕ್ಕಳು ಬೆಳಗ್ಗೆಯೇ ಬಾಗಿಲಲ್ಲಿದ್ದರು. ನಾವು ಹೋಗುವ ಹೊತ್ತಿಗೆ ಮುನಿತಾಯಮ್ಮ ಕಲ್ಲು ತೊಳೆದು, ಬುಡದಿಂದ ಮೇಲಕ್ಕೆ ಎಣ್ಣೆ ಹಚ್ಚಿ, ವಿಭೂತಿ ಇಟ್ಟು, ಹೂವು ಮುಡಿಸಿದ್ದರು. ಶಿಲ್ಪ ಇರಲಿಲ್ಲ. ಬರುತ್ತಾಳಾ ಎಂದು ಕೇಳಲು ಯಾರಿಗೂ ಧೈರ್ಯವಾಗಲಿಲ್ಲ. ಮಾವ ದೂರದಲ್ಲಿ, ಮಕ್ಕಳ ಹಿಂದೆ, ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಹನ್ನೆರಡಾಯಿತು. ಒಂದಾಯಿತು. ಮುನಿತಾಯಮ್ಮ ಮೂರು ಸಲ ಎದ್ದು ಊರಿನ ದಾರಿ ನೋಡಿ ಬಂದರು. ನಾಲ್ಕನೇ ಸಲ ಏಳಲಿಲ್ಲ. ನಾನೇ ಮನೆಗೆ ಹೋಗಿ ಎಡೆ ತರುತ್ತೇನೆ ಎಂದು ಸೆರಗು ಸರಿಮಾಡಿಕೊಂಡರು.

ಆಗ ರಾಗಿ ಹೊಲದ ಆಚೆ ತುದಿಯಲ್ಲಿ ಎರಡು ಜಡೆ ಕಂಡವು. ತಲೆಯ ಮೇಲೆ ದೊಡ್ಡ ಬುಟ್ಟಿ. ಭಾರಕ್ಕೆ ಮೆಲ್ಲಗೆ ಬರುತ್ತಿದ್ದಳು. ಯಾರ ಕಡೆಯೂ ನೋಡದೆ ಕಲ್ಲಿನ ಮುಂದೆ ಬುಟ್ಟಿ ಇಳಿಸಿ, ಬಾಳೆ ಎಲೆ ಹಾಸಿ, ಅನ್ನ, ಕುಂಬಳಕಾಯಿ ಪಲ್ಯ, ವಡೆ, ಪಾಯಸ ಬಡಿಸಿದಳು. ಮುಗಿಯಿತು ಎಂದುಕೊಂಡೆವು. ಅವಳು ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದಳು. ಅದಕ್ಕೂ ಅಷ್ಟೇ ಬಡಿಸಿದಳು. ಆಮೇಲೆ ಮೂರನೆಯದು.

ಮೂರು ಎಡೆ ಯಾಕೆ ಎಂದು ಮುನಿತಾಯಮ್ಮ ಕೇಳಿದರು.

“ತಾತ ಎರಡು ವರ್ಷ ನನ್ ಕೈಲಿ ಉಂಡಿಲ್ವಲ್ಲಜ್ಜಿ,” ಎಂದಳು ಶಿಲ್ಪ. “ಹಸ್ಕೊಂಡೇ ಇರ್ತಾರೆ.”

ಮುನಿತಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಮಾವ ಬದುವಿನಿಂದ ಎದ್ದು ಬಂದು, ಚಪ್ಪಲಿ ಬಿಟ್ಟು, ಮೂರು ಎಲೆಗಳ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಬಹಳ ಹೊತ್ತು ಏಳಲಿಲ್ಲ. ಬೆನ್ನು ಅಲುಗುತ್ತಿತ್ತು. ಮಕ್ಕಳು ಇದೂ ಪ್ರವಾಸದ ಒಂದು ಭಾಗ ಎಂದುಕೊಂಡು ಅವರ ಹಿಂದೆ ಸಾಲಾಗಿ, ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ ತಾಗುವಂತೆ ಅಡ್ಡಬಿದ್ದರು. ಕಾಲೇಜಿಗೆ ಹೋಗುವವಳೆಂಬ ಬಿಂಕ ಬಿಟ್ಟು ನಾನೂ ಬಿದ್ದೆ.